ನಾಲ್ಕನೇ ಪಾಲಿಹೌಸಿನ ಕೆಂಪು ಬಟ್ಟೆ

ತಳಿ, ತಮಿಳುನಾಡು
11 ಜನವರಿ 2025

ರಾಮಮೂರ್ತಿ ಸಾರ್ ಅವರಿಗೆ ಚಂದ್ರಲೇಖಾಳ ನಮಸ್ಕಾರಗಳು.

ಗಂಟಲಿನ ಆಪರೇಷನ್ ಆದಮೇಲೆ ನಿಮಗೆ ಮಾತು ಬರುತ್ತಿಲ್ಲ, ಮೊಬೈಲಿನಲ್ಲಿ ಒತ್ತಲು ಹೋದರೆ ಒಂದು ಅಕ್ಷರಕ್ಕೆ ಮೂರು ಬೀಳುತ್ತವೆ, ಏನಿದ್ದರೂ ಕಾಗದ ಬರೆಯಬೇಕಂತೆ ಎಂದು ನಿಮ್ಮ ಮಗಳು ಹೇಳಿದರು. ಪೋಸ್ಟಾಫೀಸಿಗೆ ಹೋಗಿ ಕವರ್ ಕೇಳಿದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೋರ್ಟ್ ಕೇಸಾ ಮೇಡಂ?" ಅಂದರು. ನಮ್ಮ ಸಾರಿಗೆ ಕಾಗದ ಅಂದರೆ ನಂಬಲಿಲ್ಲ.

ನೀವು ಬಿಟ್ಟುಹೋದ ಗುಲಾಬಿ ತೋಟ ಹಾಗೇ ಇದೆ. ಪ್ಲಾಸ್ಟಿಕ್ ಹೊದಿಸಿದ ಆರು ಪಾಲಿಹೌಸ್, ಎಪ್ಪತ್ತು ಹೆಂಗಸರು, ಔಷಧಿ ಹೊಡೆಯಲು ಒಬ್ಬ ಮುನಿಶಾಮಪ್ಪ. ಈ ಸಲದ ಚಳಿಗೆ ಹೆಂಗಸರು ಟವೆಲ್ಲು ಸುತ್ತಿಕೊಂಡು ಬರುತ್ತಾರೆ, ಯಾರು ಯಾರೆಂದು ಕಣ್ಣು ನೋಡಿ ಹಾಜರಿ ಹಾಕುತ್ತೇನೆ. ಫೆಬ್ರವರಿ ಹದಿನಾಲ್ಕರ ಆರ್ಡರ್ ಶುರುವಾಗಿದೆ. ಮಾಲೀಕರ ಮಗ ಅನಿರುದ್ಧ ಅವರು ಬೆಳಗ್ಗೆ ಐದಕ್ಕೆ ಎಷ್ಟು ಬಾಕ್ಸ್ ಬೇಕು ಎಂದು ಮೆಸೇಜ್ ಹಾಕುತ್ತಾರೆ. ಕೋಳಿ ಆಮೇಲೆ ಕೂಗುತ್ತದೆ.

ನಿಮ್ಮ ನಿಯಮವೂ ಹಾಗೇ ನಡೆದಿದೆ. ಔಷಧಿ ಹೊಡೆದ ಮೇಲೆ ಮುನಿಶಾಮಪ್ಪ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟುತ್ತಾನೆ. ಹೊತ್ತು ಕಳೆದ ಮೇಲೆ ಅವನೇ ಬಿಚ್ಚಬೇಕು, ಮಾಲೀಕರು ಬಂದರೂ ಬೇರೆಯವರು ಮುಟ್ಟಬಾರದು. ತಮಿಳು, ಇಂಗ್ಲಿಷಿನಲ್ಲಿ ಬರೆಸಿದ ಬೋರ್ಡನ್ನು ನಮ್ಮ ಹೆಂಗಸರು ಯಾರೂ ಓದುವುದಿಲ್ಲ. ಬಟ್ಟೆ ಇದ್ದರೆ ಒಳಗೆ ಕಾಲಿಡುವುದಿಲ್ಲ, ಇಲ್ಲದಿದ್ದರೆ ಕತ್ತರಿ ಹಿಡಿದು ಹೋಗುತ್ತಾರೆ, ಅಷ್ಟೇ. ನಿಮ್ಮ ಬೀಳ್ಕೊಡುಗೆಯ ದಿನ ನಾನು ಮೈಕ್ ಹಿಡಿದು, "ಸಾರ್ ಕಾಲದ ಹದಿನೆಂಟು ವರ್ಷದಲ್ಲಿ ಒಬ್ಬರಿಗೂ ಒಂದು ತಲೆನೋವೂ ಬಂದಿಲ್ಲ" ಎಂದಿದ್ದು ನೆನಪಿದೆಯಾ? ನೀವು ತಲೆ ತಗ್ಗಿಸಿ ಕೂತಿದ್ದಿರಿ. ದೊಡ್ಡವರಿಗೆ ಹೊಗಳಿಕೆ ಅಂದರೆ ಸಂಕೋಚ ಅಂದುಕೊಂಡೆ.

ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ತಪ್ಪಿದ್ದರೆ ತಿದ್ದಿ.

ನಿಮ್ಮ
ಚಂದ್ರಲೇಖಾ


ಹಾಸನ
20 ಜನವರಿ 2025

ಚಂದ್ರಲೇಖಾಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಮನೆಯವರೆಲ್ಲ ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಅಂಚೆಯವನು ಬಿಲ್ಲು ಬಿಟ್ಟು ಬೇರೇನಾದರೂ ತಂದು ಎಷ್ಟು ವರ್ಷವಾಯಿತೋ. ನನಗೆ ಮಾತು ನಿಂತ ಮೇಲೆ ಎಲ್ಲರಿಗೂ ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿದೆ. ಮೊದಲೇ ನಿಲ್ಲಬೇಕಿತ್ತು.

ತಿದ್ದುವಂಥದ್ದು ಏನೂ ಕಾಣಲಿಲ್ಲ. ಹೂ ವಿಂಗಡಿಸುವ ಗ್ರೇಡಿಂಗ್ ಷೆಡ್ಡಿಗೆ ನೀನು ಸೇರಿದ ಮೊದಲ ದಿನವೇ, ಈ ಹುಡುಗಿ ಸುಳ್ಳು ಲೆಕ್ಕ ಬರೆಯುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಅವತ್ತು ನೀನು ಒಂದು ಬುಟ್ಟಿ ಹೂ ಬೀಳಿಸಿ, ನಾನು ಕೇಳುವ ಮೊದಲೇ ಬಂದು ಹೇಳಿದ್ದೆ. ನನ್ನ ಜಾಗಕ್ಕೆ ನಿನ್ನ ಹೆಸರು ಕೊಟ್ಟಿದ್ದಕ್ಕೆ ಕಾರಣ ಆ ಬುಟ್ಟಿಯೇ.

ಜನವರಿ ಕೊನೆಯ ವಾರ ಹುಷಾರು. ಗಿಡ ಕೊಡುವುದಕ್ಕಿಂತ ಹೆಚ್ಚು ಹೂವನ್ನು ಆ ವಾರ ಫೋನು ಕೇಳುತ್ತದೆ. ಅನಿರುದ್ಧ ಕೆಟ್ಟವನಲ್ಲ, ಅವಸರದವನು. ಚಳಿ ಎಂದು ಪಕ್ಕದ ಪರದೆಗಳನ್ನೆಲ್ಲ ಇಳಿಸಿಬಿಡಬೇಡ, ಔಷಧಿಯ ಗಾಳಿ ಒಳಗೇ ನಿಲ್ಲುತ್ತದೆ. ಮತ್ತೆ ಆ ಬಟ್ಟೆಯ ನಿಯಮವನ್ನು ಅಷ್ಟು ಹೊಗಳಬೇಡ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ.

ರಾಮಮೂರ್ತಿ


ತಳಿ
2 ಫೆಬ್ರವರಿ 2025

ಸಾರ್,

ಕೆಲಸ ಜಾಸ್ತಿ, ಅದಕ್ಕೇ ನಾಲ್ಕೇ ಸಾಲು. ಬಾಕ್ಸುಗಳೆಲ್ಲ ಹೋದವು. ಅನಿರುದ್ಧ ಅವರು ಖುಷಿಯಾಗಿದ್ದಾರೆ. ನಾನು ಚೆನ್ನಾಗಿದ್ದೇನೆ.

ಮುನಿಶಾಮಪ್ಪನಿಗೆ ಸ್ವಲ್ಪ ದಿನ ಮನೆಯಲ್ಲಿರಲು ಹೇಳಿದ್ದಾರೆ. ನಾಲ್ಕನೇ ಪಾಲಿಹೌಸಿನಲ್ಲಿ ಒಂದು ತೊಂದರೆ ಆಯಿತು, ಬಾಗಿಲಿನ ಕೆಂಪು ಬಟ್ಟೆ ಹೊತ್ತಿಗೆ ಮುಂಚೆಯೇ ಬಿಚ್ಚಿತ್ತು, ಹೆಂಗಸರು ಒಳಗೆ ಹೋಗಿದ್ದರು. ಈಗ ಎಲ್ಲ ಸರಿಹೋಗಿದೆ.

ಒಂದು ಕೇಳಬೇಕಿತ್ತು. ನಿಮ್ಮ ಕಾಲದಲ್ಲಿ ಹೀಗೆ ಯಾವಾಗಲಾದರೂ ಆಗಿತ್ತಾ ಸಾರ್? ಆಗ ನೀವು ಏನು ಮಾಡಿದಿರಿ?

ಚಂದ್ರಲೇಖಾ


ಹಾಸನ
8 ಫೆಬ್ರವರಿ 2025

ಚಂದ್ರಲೇಖಾಗೆ ಆಶೀರ್ವಾದಗಳು.

ನಾಲ್ಕು ಸಾಲಿನಲ್ಲೇ ನಿನ್ನ ಸುಸ್ತು ಕಾಣಿಸಿತು. ಮುನಿಶಾಮಪ್ಪ ಹೀಗೆ ಮಾಡಿದ ಎಂದು ಓದಿ ಬೇಜಾರಾಯಿತು. ವಯಸ್ಸಾಯಿತು, ಅವನಿಗೂ ಮರೆವು ಬಂದಿರಬೇಕು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮ್ಯಾನೇಜರ್ ಆದವಳು ಎಲ್ಲರ ಕೈಯನ್ನೂ ಕಾಯಲಾಗುವುದಿಲ್ಲ. ಅವನನ್ನು ಕಳಿಸಲೇಬೇಕು ಎಂದು ಅನಿರುದ್ಧ ಹೇಳಿದರೆ ಮರ್ಯಾದೆಯಿಂದ ಕಳಿಸು, ಶಾಲು ಹೊದಿಸು, ಎಪ್ಪತ್ತು ಜನರ ಮುಂದೆ ಬೈಯುವುದು ಬೇಡ. ಒಬ್ಬ ಹೋದರೂ ತೋಟ ಉಳಿಯಬೇಕು.

ನನ್ನ ಕಾಲದಲ್ಲಿ ಹಾಗೇನೂ ಆಗಲಿಲ್ಲ. ಮೈಕಿನಲ್ಲಿ ನೀನೇ ಹೇಳಿದ್ದೆಯಲ್ಲ.

ರಾಮಮೂರ್ತಿ


ತಳಿ
15 ಫೆಬ್ರವರಿ 2025

ರಾಮಮೂರ್ತಿ ಸಾರ್ ಅವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ನಿಮ್ಮ ತಪ್ಪಿಲ್ಲ. ನಾನು ಅರ್ಧ ಬರೆದರೆ ನಿಮಗೆ ಅರ್ಧವೇ ತಿಳಿಯುವುದು. ಇವತ್ತು ಪೂರ್ತಿ ಬರೆಯುತ್ತೇನೆ.

ಬಟ್ಟೆ ಬಿಚ್ಚಿದ್ದು ಮುನಿಶಾಮಪ್ಪ ಅಲ್ಲ. ನಾನು.

ಜನವರಿ ಇಪ್ಪತ್ತೆಂಟರ ಸಂಜೆ ಆರಕ್ಕೆ ಅವನು ನಾಲ್ಕನೇ ಪಾಲಿಹೌಸಿಗೆ ಔಷಧಿ ಹೊಡೆದು, ಬಟ್ಟೆ ಕಟ್ಟಿ, ಪುಸ್ತಕದಲ್ಲಿ ಹೊತ್ತು ಬರೆದು, ಉದ್ದನಪಲ್ಲಿಯ ತನ್ನ ಮನೆಗೆ ಹೋದ. ಇಪ್ಪತ್ತನಾಲ್ಕು ಗಂಟೆ ಯಾರೂ ಹೋಗಬಾರದು. ಮಾರನೇ ದಿನ ಎಂಟಕ್ಕೆ ಅನಿರುದ್ಧ ಅವರ ಫೋನು. ವಿಮಾನಕ್ಕೆ ಲಾರಿ ಎರಡಕ್ಕೆ ಹೊರಡಬೇಕು, ಇನ್ನೂ ನಲವತ್ತು ಬಾಕ್ಸ್ ಕಡಿಮೆ ಇದೆ, ಈ ಲೋಡು ತಪ್ಪಿದರೆ ಆ ಗಿರಾಕಿ ಮುಂದಿನ ವರ್ಷ ಬರುವುದಿಲ್ಲ ಅಂದರು. ನಾಲ್ಕನೇ ಮನೆ ತೆಗಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. "ನೀವು ಹೇಗಾದ್ರೂ ಮಾಡ್ತೀರಿ ಮೇಡಂ, ನಂಗೆ ನಂಬಿಕೆ ಇದೆ" ಅಂದರು. ಆ ಮಾತು ನನ್ನ ತಲೆಗೇರಿತು ಸಾರ್. ಹನ್ನೊಂದಕ್ಕೆ ನಾಲ್ಕನೇ ಮನೆಯ ಬಾಗಿಲಲ್ಲಿ ನಿಂತು ಒಳಗೆ ಅರಳಲು ತಯಾರಾದ ಹೂ ನೋಡಿದೆ. ಹದಿನೇಳು ಗಂಟೆ ಆಗಿದೆ, ಇನ್ನೇನು ಅಂದುಕೊಂಡೆ.

ಎಷ್ಟು ಗಂಟೆ ಬಿಡಬೇಕೆಂದು ಗೊತ್ತಿರಲಿಲ್ಲ ಎಂದು ಬರೆಯಬಹುದು. ಗೊತ್ತಿತ್ತು.

ನಾನು ಗಂಟು ಬಿಚ್ಚಿ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡೆ. ಹನ್ನೆರಡು ಜನ ಹೋದರು. ಪಾರ್ವತಮ್ಮ ಮಾತ್ರ ಬಾಗಿಲಲ್ಲಿ ನಿಂತು, "ಮುನಿಶಾಮಣ್ಣ ಬರ್ನೇ ಇಲ್ವಲ್ಲಮ್ಮ" ಅಂದಳು. ಹಿಂದಿದ್ದ ಅಂಜಿನಮ್ಮ, "ಅಮ್ಮನೇ ಬಿಚ್ಚವ್ರೆ, ನಡಿಯೇ" ಎಂದು ಅವಳನ್ನು ತಳ್ಳಿಕೊಂಡು ಒಳಗೆ ಹೋದಳು. ಅವಳಿಗೆ ನನ್ನ ಮೇಲೆ ಅಷ್ಟು ಧೈರ್ಯ. ಪರದೆಗಳು ಇಳಿದೇ ಇದ್ದವು, ನೀವು ಬರೆದಿದ್ದರೂ ನಾನು ಎತ್ತಿಸಿರಲಿಲ್ಲ. ಅರ್ಧ ಗಂಟೆಯಲ್ಲಿ ಅಂಜಿನಮ್ಮ ಸಾಲಿನ ಮಧ್ಯೆ ಕೂತುಬಿಟ್ಟಳು. ವಾಂತಿ, ಕಣ್ಣಲ್ಲಿ ನೀರು, ಕೈ ನಡುಕ. ಇನ್ನಿಬ್ಬರಿಗೂ ತಲೆ ಸುತ್ತು. ಜೀಪಿನಲ್ಲಿ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಇಬ್ಬರು ಮಾರನೇ ದಿನ ಮನೆಗೆ ಬಂದರು, ಅಂಜಿನಮ್ಮ ಎಂಟು ದಿನ ಮಲಗಿದ್ದಳು. ಈಗ ಎದ್ದು ಓಡಾಡುತ್ತಿದ್ದಾಳೆ.

ಲಾರಿ ಎರಡಕ್ಕೆ ಹೊರಟಿತು. ಮಿಕ್ಕವರು ಕಿತ್ತ ಹೂವೂ ಅದರಲ್ಲೇ ಹೋಯಿತು.

ಇಪ್ಪತ್ತನೇ ತಾರೀಕು, ಹೊರದೇಶಕ್ಕೆ ಹೂ ಕಳಿಸಲು ಬೇಕಾದ ಸರ್ಟಿಫಿಕೇಟಿನ ಆಡಿಟರ್ ಬರುತ್ತಾರೆ. ಅನಿರುದ್ಧ ಅವರು ವರದಿ ತಯಾರಿಸಿ ತಂದರು. ಔಷಧಿ ಹೊಡೆಯುವವನು ಬಟ್ಟೆ ಕಟ್ಟುವುದನ್ನೇ ಮರೆತ ಎಂದು ಬರೆದಿದ್ದಾರೆ. ಕೆಲಸಗಾರನ ತಪ್ಪಾದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ. ಮ್ಯಾನೇಜರೇ ಮಾಡಿದ್ದು ಅಂದರೆ ಸರ್ಟಿಫಿಕೇಟ್ ನಿಲ್ಲುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟಿದ್ದಾರೆ.

ಮುನಿಶಾಮಪ್ಪನ ಮನೆಗೆ ಹೋದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು, "ನಂಗೆ ಅರವತ್ತಾಯ್ತು ಕಣಮ್ಮ, ನಾನೇ ಹೊತ್ಕೊಂತೀನಿ ಬುಡಿ. ನಿಮ್ ಜಾಗಕ್ಕೆ ಇನ್ನೆಂತೋರ್ ಬತ್ತಾರೋ, ಆ ಹೆಣ್ಮಕ್ಳ ಗತಿ ಏನು" ಅಂದ. ಅವನ ಹೆಂಡತಿ ಬಾಗಿಲಿನ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ಕೊಟ್ಟ ಮಜ್ಜಿಗೆಯನ್ನು ಹಾಗೇ ಬಿಟ್ಟು ಎದ್ದು ಬಂದೆ.

ಅವನು ಒಪ್ಪಿದ್ದರಿಂದಲೇ ನನಗೆ ದಾರಿ ಕಾಣಿಸಿತು, ಅಂಥವನ ತಲೆಗೆ ನನ್ನ ತಪ್ಪು ಕಟ್ಟಲು ಮನಸ್ಸು ಬರಲಿಲ್ಲ. ಅವನು ಜಗಳ ಮಾಡಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆನೋ ಏನೋ. ನಿನ್ನೆ ನನ್ನ ಕೈಯಿಂದಲೇ ಬೇರೆ ವರದಿ ಬರೆದೆ, ಒಂದೂವರೆ ಪುಟ. ಇದನ್ನೇ ಆಡಿಟರಿಗೆ ಕೊಡುತ್ತೇನೆಂದು ಅನಿರುದ್ಧ ಅವರಿಗೆ ಹೇಳಿದೆ. ಅವರು, "ಎಪ್ಪತ್ತು ಜನರ ಊಟ ಇದೆ ಮೇಡಂ, ನಿಮ್ಮೊಬ್ಬರ ಮನಸ್ಸಿನ ಸಮಾಧಾನಕ್ಕೆ ಅದನ್ನ ಬಲಿ ಕೊಡ್ತೀರಾ?" ಎಂದು ಕೇಳಿದರು. ಅದು ಬರೀ ಬೆದರಿಕೆಯಲ್ಲ ಸಾರ್, ನಿಜವೂ ಹೌದು.

ನಿಮ್ಮ ಕೈ ಕೆಳಗೆ ಹನ್ನೊಂದು ವರ್ಷ ಕಲಿತವಳು ಹೀಗೆ ಮಾಡಿದೆ ಎಂದು ನಿಮಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ.

ಚಂದ್ರಲೇಖಾ


ಹಾಸನ
23 ಫೆಬ್ರವರಿ 2025

ಚಂದ್ರಲೇಖಾ,

ಇಪ್ಪತ್ತನೇ ತಾರೀಕು ಏನಾಯಿತೋ ನನಗೆ ಗೊತ್ತಿಲ್ಲ. ಗೊತ್ತಾಗುವ ಮೊದಲೇ ಇದನ್ನು ಬರೆದು ಹಾಕಬೇಕು. ತಡಮಾಡಿದರೆ ನನ್ನ ಧೈರ್ಯ ಇಳಿದುಹೋಗುತ್ತದೆ.

ನೀನು ನೇರವಾಗಿ ಕೇಳಿದ್ದೆ. ನಾನು ಸುಳ್ಳು ಬರೆದೆ. ನನ್ನ ಕಾಲದಲ್ಲೂ ಆಗಿತ್ತು.

2008ರ ಫೆಬ್ರವರಿ, ನೀನು ಸೇರುವುದಕ್ಕೆ ಮೂರು ವರ್ಷ ಮುಂಚೆ. ಆಗ ಬಟ್ಟೆಯೂ ಇಲ್ಲ, ನಿಯಮವೂ ಇಲ್ಲ. ಔಷಧಿ ಹೊಡೆಯುತ್ತಿದ್ದವನು ಪಾಪಯ್ಯ ಎಂದು. "ಇವತ್ತು ಎರಡನೇ ಮನೆ ಬೇಡ ಸಾರ್" ಎಂದು ಬಾಯಲ್ಲಿ ಹೇಳುತ್ತಿದ್ದ, ಅಷ್ಟೇ. ಅವತ್ತೂ ಹೇಳಿದ್ದ. ನಾನು ಕೇಳಿಸಿಕೊಂಡೂ ಜನರನ್ನು ಕಳಿಸಿದೆ. ಇಬ್ಬರು ಬಿದ್ದರು. ಪುಣ್ಯಕ್ಕೆ ಎದ್ದರು.

ಅವತ್ತು ಸಂಜೆ ಪಾಪಯ್ಯನನ್ನು ಪಂಪ್‌ಹೌಸಿನ ಹಿಂದೆ ಕರೆದೆ. ನನಗೆ ಓದುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ನೀನು ಹೇಳಲು ಮರೆತೆ ಎಂದು ಒಪ್ಪಿಕೋ, ಆರು ತಿಂಗಳಲ್ಲಿ ವಾಪಸ್ಸು ಕರೆಸಿಕೊಳ್ಳುತ್ತೇನೆ, ಯಾರಿಗೂ ಹೇಳಬೇಡ ಎಂದೆ. ಅವನು ತಲೆಯಾಡಿಸಿದ. ಮಾರನೇ ದಿನ ಎಲ್ಲರ ಮುಂದೆ ಮಾಲೀಕರು ಅವನನ್ನು ಬೈದು ಕಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆರು ತಿಂಗಳು ಆಯಿತು, ವರ್ಷವೂ ಆಯಿತು. ಅವನ ಮುಖ ನೋಡಬೇಕಾಗುತ್ತದೆ ಎಂದು ನಾನು ಕರೆಸಲಿಲ್ಲ.

ಆಮೇಲೆ ಮಾಡಿದ್ದು ಆ ಕೆಂಪು ಬಟ್ಟೆ. ಕಟ್ಟಿದವನೇ ಬಿಚ್ಚಬೇಕು ಎಂದದ್ದು ನನ್ನ ಕೈ ನನಗೆ ಗೊತ್ತಿದ್ದರಿಂದ. ನೀವೆಲ್ಲ ಅದನ್ನು ನನ್ನ ದೂರದೃಷ್ಟಿ ಅಂದುಕೊಂಡಿರಿ, ನಾನು ಅಂದುಕೊಳ್ಳಲು ಬಿಟ್ಟೆ. ನಿನ್ನ ಮೈಕಿನ ಮಾತಿಗೆ ನಾನು ತಲೆ ತಗ್ಗಿಸಿದ್ದು ಸಂಕೋಚಕ್ಕಲ್ಲ.

ಅನಿರುದ್ಧ ಕೇಳಿದ್ದು ಸುಳ್ಳಲ್ಲ. ಎಪ್ಪತ್ತು ಜನರ ಊಟ ಎಂದು ನಾನೂ ನನಗೆ ಹೇಳಿಕೊಂಡಿದ್ದೆ. ಒಂದು ಮಾತ್ರ ಗೊತ್ತು. ಆ ಎಪ್ಪತ್ತರಲ್ಲಿ ಪಾಪಯ್ಯನೂ ಒಬ್ಬ ಎಂದು ನಾನು ಲೆಕ್ಕ ಹಿಡಿಯಲಿಲ್ಲ. ನೀನು ಮುನಿಶಾಮಪ್ಪನನ್ನು ಲೆಕ್ಕಕ್ಕೆ ಹಿಡಿದೆ. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ನಾನೇ ಕೆಲಸ ಕಲಿಸಿದವಳು, ನನ್ನ ಕೈಲಾಗದ್ದನ್ನು ಎರಡು ವಾರದಲ್ಲಿ ಮಾಡಿದೆ. ನನಗೆ ನಿನ್ನ ಮೇಲೆ ಹೆಮ್ಮೆ, ನನ್ನ ಮೇಲೆ ನಾಚಿಕೆ. ಎರಡೂ ಒಟ್ಟಿಗೇ ಇವೆ.

ನನ್ನ ಹೆಸರಿನ ಮುಂದೆ ಇನ್ನು ಸಾರ್ ಹಾಕಬೇಕೋ ಬೇಡವೋ ನೀನೇ ನೋಡು.

ರಾಮಮೂರ್ತಿ


ತಳಿ
19 ಮಾರ್ಚ್ 2025

ಸಾರ್,

ಹಾಗೇ ಕರೆಯುತ್ತೇನೆ, ಆದರೆ ನಿಮ್ಮ ಕಾಗದ ಓದಿ ಹತ್ತು ದಿನ ಸಿಟ್ಟಿತ್ತು. ನಿಮಗೆ ಹೇಗೆ ಮುಖ ತೋರಿಸಲಿ ಎಂದು ನಾನು ಒದ್ದಾಡಿದ್ದು ಎಷ್ಟು. ನೀವು ಮೊದಲ ಸಲವೇ ನಿಜ ಬರೆದಿದ್ದರೆ ನನಗೆ ಆ ವಾರ ಒಬ್ಬರು ಜೊತೆಗಿರುತ್ತಿದ್ದರು. ಸಿಟ್ಟು ಈಗ ಇಳಿದಿದೆ. ನಿಮಗೆ ಎಪ್ಪತ್ತನೇ ವಯಸ್ಸಿನಲ್ಲಿ, ಯಾರೂ ಒತ್ತಾಯಿಸದಿದ್ದರೂ, ಕೆಲಸ ಕಲಿಸಿದ ಹುಡುಗಿಯ ಮುಂದೆ ಹೀಗೆ ಬರೆಯಲು ಎಷ್ಟು ಕಷ್ಟವಾಗಿರಬೇಕು ಎಂದು ನಿಧಾನಕ್ಕೆ ಹೊಳೆಯಿತು.

ಆಡಿಟರ್ ಒಂದೂವರೆ ಪುಟವನ್ನು ಓದಿ ಕನ್ನಡಕ ತೆಗೆದು, "ಇಂಥ ವರದಿಯನ್ನು ನಾನು ಓದಿದ್ದು ಕಡಿಮೆ" ಅಂದರು. ಸರ್ಟಿಫಿಕೇಟ್ ಮೂರು ತಿಂಗಳು ನಿಲ್ಲಿಸಿಯೇ ಹೋದರು. ಹೊರದೇಶಕ್ಕೆ ಕಳಿಸುವುದು ನಿಂತಿದೆ, ಹೂ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುತ್ತಿದೆ, ಹೆಂಗಸರಿಗೆ ವಾರಕ್ಕೆ ನಾಲ್ಕೇ ದಿನ ಕೆಲಸ. ಅನಿರುದ್ಧ ಅವರು ನನ್ನನ್ನು ಕೆಲಸದಿಂದ ಬಿಡಿಸಿ ಬೀಗದ ಕೈ ತೆಗೆದುಕೊಂಡರು. ಬೈಯಲಿಲ್ಲ. ಮುನಿಶಾಮಪ್ಪನನ್ನು ಕೆಲಸಕ್ಕೆ ಕರೆಸಿಕೊಂಡರು, ಔಷಧಿ ಹೊಡೆಯುವುದರಲ್ಲಿ ಅವನದೇ ಕೊನೆಯ ಮಾತು ಎಂದು ಬರೆದೂ ಕೊಟ್ಟರು. ಅಷ್ಟಕ್ಕೆ ಅವರ ಮೇಲೆ ನನಗೆ ಗೌರವ ಬಂತು.

ಪಾರ್ವತಮ್ಮ ಸಂತೆಯಲ್ಲಿ ಸಿಕ್ಕಿ ಎಲ್ಲರೆದುರು ಬೈದಳು. "ನಿಂಗೇನಮ್ಮ, ನಿಜ ಯೋಳ್ಬುಟ್ಟೆ. ಎರ್ಡ್ ದಿನುದ್ ಕೂಲಿ ಓಗಿದ್ದು ನಮ್ದು" ಅಂದಳು. ಅದೂ ನಿಜವೇ, ಕೈಮುಗಿದು ಬಂದೆ. ಅಂಜಿನಮ್ಮ ಮಾತ್ರ ಮನೆಗೇ ಬಂದು ಒಂದು ಚೀಲ ಅವರೆಕಾಯಿ ಇಟ್ಟಳು. "ನೀನೇ ಒಳಿಕ್ ಕಳ್ಸ್ದೆ ಅಂತ ಸಿಟ್ಟೈತೆ, ಓಗಾಕಿಲ್ಲ ಅದು. ಆದ್ರೂ ನನ್ ಮಗ್ಳುನ್ನ ಕೆಲ್ಸುಕ್ ಬಿಡೋದಾದ್ರೆ ನೀನಿರೋ ಕಡೆ ಬಿಡ್ತೀನಿ" ಅಂದಳು. ಅವಳು ಹೋದಮೇಲೆ ಅವರೆಕಾಯಿ ಸುಲಿಯುತ್ತಾ ಅತ್ತೆ. ನಮ್ಮ ಯಜಮಾನರು ಭೈರೇಶ್ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ನಾಲ್ಕನೇ ದಿನ ಫ್ಯಾಕ್ಟರಿಗೆ ಹೊರಡುವಾಗ ಟಿಫನ್ ಬಾಕ್ಸ್ ಮುಚ್ಚುತ್ತಾ, "ಸರಿಯಾಗೇ ಮಾಡಿದೀಯ ಬಿಡು" ಅಂದರು. ಇನ್ನೊಂದು ತೋಟದಲ್ಲಿ ಕೆಲಸ ಕೇಳಿದ್ದೇನೆ. ಯಾಕೆ ಬಿಟ್ಟಿರಿ ಎಂದರು, ಹೇಳಿದೆ. ಫೋನ್ ಮಾಡುತ್ತೇವೆ ಎಂದವರು ಇನ್ನೂ ಮಾಡಿಲ್ಲ.

ಪಾಪಯ್ಯನ ವಿಚಾರ ಮುನಿಶಾಮಪ್ಪನನ್ನು ಕೇಳಿದೆ, ಯಾಕೆಂದು ನಾನು ಹೇಳಲಿಲ್ಲ. ಬಾಗಲೂರಿನಲ್ಲಿದ್ದಾರಂತೆ, ಒಂದು ಹೊಸ ಲೇಔಟಿನಲ್ಲಿ ವಾಚ್‌ಮ್ಯಾನ್. ಹೆಂಡತಿ ಗೋವಿಂದಮ್ಮ, ಒಬ್ಬ ಮಗ, ಸೊಸೆ. ವಿಳಾಸವನ್ನು ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ಹೋಗಿ ಎಂದು ಹೇಳಲು ನಾನು ಯಾರು? ಆದರೂ ವಿಳಾಸ ಬರೆದಿದ್ದೇನೆ.

ನಿಮ್ಮ
ಚಂದ್ರಲೇಖಾ


ಹೊಸೂರು
6 ಏಪ್ರಿಲ್ 2025

ಚಂದ್ರಲೇಖಾಗೆ,

ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಬ್ಬನೇ ಬಂದೆ. ಮಗಳಿಗೆ ಹಳೆಯ ಸ್ನೇಹಿತನನ್ನು ನೋಡಲು ಎಂದು ಚೀಟಿ ಬರೆದಿಟ್ಟೆ.

ಪಾಪಯ್ಯ ಗೇಟಿನಲ್ಲಿದ್ದ. ಕೂದಲೆಲ್ಲ ಬೆಳ್ಳಗಾಗಿದೆ. ನೋಡಿದ ಕೂಡಲೇ ಗುರುತು ಹಿಡಿದು, ತನ್ನ ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ನನ್ನನ್ನು ಕೂರಿಸಿ ತಾನು ನಿಂತ. ಗಂಟಲು ತೋರಿಸಿ ಮಾತು ಬರುವುದಿಲ್ಲ ಎಂದು ಕೈಯಾಡಿಸಿದೆ. ಲೇಔಟಿನ ಮೂಲೆಯ ಮನೆಗೆ ಕರೆದುಕೊಂಡು ಹೋದ. ಗೋವಿಂದಮ್ಮ ಕಾಫಿ ತಂದು ಕೊಟ್ಟು, ನಾನು ಲೋಟ ಹಿಡಿಯುವ ಮೊದಲೇ, "ದೊಡ್ ಮನ್ಸು ಮಾಡಿ ಬಂದ್ರಿ ಸಾಮಿ. ಇವ್ರು ಮಾಡಿದ್ ತಪ್ಪಿಗೆ ಆವತ್ತು ನಿಮ್ಗೂ ಕೆಟ್ಟೆಸ್ರು ಬತ್ತಿತ್ತು. ಒಟ್ಟೇಲಿ ಇಟ್ಕೋಬೇಡಿ" ಎಂದು ಕೈಮುಗಿದಳು.

ಪಾಪಯ್ಯ ನೆಲ ನೋಡುತ್ತಾ ನಿಂತಿದ್ದ.

ಬಸ್ಸಿನಲ್ಲಿ ಬರೆದುಕೊಂಡಿದ್ದ ಹಾಳೆಯನ್ನು ಸೊಸೆಯ ಕೈಗೆ ಕೊಟ್ಟೆ. ನಿನಗೆ ಬರೆದದ್ದನ್ನೇ ಅದರಲ್ಲೂ ಬರೆದಿದ್ದೆ, ಒಂದೂ ಬಿಟ್ಟಿರಲಿಲ್ಲ. ಆ ಹುಡುಗಿ ಗಟ್ಟಿಯಾಗಿ ಓದತೊಡಗಿದಳು. ಎರಡು ಸಾಲಿಗೆ ಪಾಪಯ್ಯ, "ಬುಡವ್ವ, ಓದ್ಬೇಡ, ಅಳೇದು ಅದೆಲ್ಲ" ಅಂದ. ನಾನು ಓದು ಎಂದು ಕೈಸನ್ನೆ ಮಾಡಿದೆ. ಪಂಪ್‌ಹೌಸಿನ ಹಿಂದೆ ನಾನು ಹೇಳಿದ ಮಾತು, ಆರು ತಿಂಗಳ ಮಾತು, ಎಲ್ಲವನ್ನೂ ಓದಿದಳು.

ಗೋವಿಂದಮ್ಮ ನನ್ನ ಕಡೆ ನೋಡಲೇ ಇಲ್ಲ. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಅದು ನನಗೆ ಸಿಗಲಿಲ್ಲ. ಅವಳು ಗಂಡನ ಕಡೆ ತಿರುಗಿ, "ಅದಿನೇಳ್ ವರ್ಸ ನಿನ್ ಬೈಕೊಂಡೇ ಬಂದೆ ಕಣಯ್ಯ. ಉಣ್ಣಾಕ್ ಇಕ್ವಾಗ್ಲೂ ಬೈದೆ. ನಂಗಾರಾ ಯೋಳ್ಬಾರ್ದಾಗಿತ್ತಾ?" ಅಂದಳು.

ಪಾಪಯ್ಯ ಹೆಂಡತಿಗೆ ಮೆಲ್ಲಗೆ ಹೇಳಿದ, "ಯಾರ್ಗೂ ಯೋಳ್ಬೇಡ ಅಂತ ಸಾರು ಅಂದಿದ್ರಲ್ಲ."

ಚಂದ್ರಲೇಖಾ, ಮುನಿಶಾಮಪ್ಪನ ಹೆಂಡತಿ ಅವನಿಗೆ ಊಟ ಬಡಿಸುವಾಗ ಏನು ಮಾತಾಡುತ್ತಾಳೋ ನನಗೆ ಗೊತ್ತಿಲ್ಲ. ಗೋವಿಂದಮ್ಮನ ಈ ಮಾತಂತೂ ಆಡುವುದಿಲ್ಲ. ಅಷ್ಟನ್ನು ನೀನು ಮಾಡಿದ್ದೀಯ.

ರಾಮಮೂರ್ತಿ